ಸಂತೆಯೊಳಗಿನ ನಿದ್ದೆ: ಮಲಗುವ ಮುನ್ನ ವಚನ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಸೋಮವಾರ ಸಂಜೆ ಸೇರುವ ನಮ್ಮ ಪುಟ್ಟ ವಚನ ಓದಿನ ಬಳಗಕ್ಕೆ ಹೊಸದಾಗಿ ಬರುವವರಲ್ಲಿ ಹಲವರು ಮೊದಲ ದಿನ ಹೇಳಿಕೊಳ್ಳುವುದು ಭಕ್ತಿಯ ವಿಷಯವನ್ನಲ್ಲ, ನಿದ್ದೆಯ ವಿಷಯವನ್ನು. ಹಾಸಿಗೆಗೆ ಹೋದರೂ ಕಣ್ಣು ಮುಚ್ಚುವುದಿಲ್ಲ, ಮುಚ್ಚಿದರೂ ದಿನದ ಮಾತುಗಳೆಲ್ಲ ಮತ್ತೆ ಕಿವಿಯಲ್ಲಿ ಮೊಳಗುತ್ತವೆ, ರಾತ್ರಿ ಏನಾದರೂ ಓದಿದರೆ ಒಳ್ಳೆಯದಾದೀತೇ ಎಂಬುದು ಅವರ ಕೇಳಿಕೆ. ಅಂಥವರು ಕೇಳಿದ ಪ್ರಶ್ನೆಗಳನ್ನೂ ನಾವು ಕೊಡುತ್ತ ಬಂದ ಉತ್ತರಗಳನ್ನೂ ಇಲ್ಲಿ ಬರೆದಿಟ್ಟಿದ್ದೇವೆ.

ಧ್ಯಾನಪೂರ್ವಕ ಓದು ಎಂದರೇನು? ಸಾಮಾನ್ಯ ಓದಿಗೂ ಇದಕ್ಕೂ ಏನು ವ್ಯತ್ಯಾಸ?

ಸಾಮಾನ್ಯ ಓದಿನಲ್ಲಿ ನಾವು ಮುಂದಿನ ಪುಟಕ್ಕೆ ಹೋಗುವ ಆತುರದಲ್ಲಿರುತ್ತೇವೆ. ಈ ಓದಿನಲ್ಲಿ ಮುಂದಿನ ಸಾಲಿಗೂ ಆತುರವಿರುವುದಿಲ್ಲ. ಹಗಲಿಡೀ ಮೇದ ಹಸು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಉಪನಿಷತ್ತಿನ ಪರಂಪರೆಯಲ್ಲಿ ಇದನ್ನೇ ಶ್ರವಣ, ಮನನ, ನಿದಿಧ್ಯಾಸನ (ಕೇಳುವುದು, ಮೆಲುಕು ಹಾಕುವುದು, ಅದರಲ್ಲೇ ನೆಲೆಗೊಳ್ಳುವುದು) ಎಂದು ಮೂರು ಹಂತಗಳಾಗಿ ಹೇಳಿದ್ದಾರೆ. ಫ್ರಾನ್ಸಿನ ಕಾರ್ಥೂಸಿಯನ್ ಮಠದ ಎರಡನೆಯ ಗಿಗೊ ಎಂಬ ಕ್ರೈಸ್ತ ಸನ್ಯಾಸಿ ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳನ್ನು ಬರೆದಿಟ್ಟ. ಅವನು ಬಾಳಿದ್ದು 12ನೆಯ ಶತಮಾನದಲ್ಲಿ, ಎಂದರೆ ಕಲ್ಯಾಣದಲ್ಲಿ ಬಸವಣ್ಣನವರೂ ಅಲ್ಲಮಪ್ರಭುವೂ ಇದ್ದ ಅದೇ ಶತಮಾನದಲ್ಲಿ. ಒಬ್ಬರಿಗೊಬ್ಬರ ಸುಳಿವೇ ಇಲ್ಲದೆ ಎರಡು ಕಡೆಯ ಜನರು ಮಾತನ್ನು ನಿಧಾನವಾಗಿ ಅಗಿಯುವುದರ ಬಗ್ಗೆ ಯೋಚಿಸಿದ್ದರು ಎಂಬುದು ನನಗೆ ಇಂದಿಗೂ ಸೋಜಿಗವೇ.

ವಚನಗಳನ್ನೇ ಏಕೆ ಆರಿಸಿಕೊಂಡಿದ್ದೀರಿ? ಅವು ಧರ್ಮಗ್ರಂಥವೇ?

ಲಿಂಗಾಯತರಿಗೆ ಅವು ಧರ್ಮಗ್ರಂಥವೇ ಹೌದು; ಉಳಿದ ಕನ್ನಡಿಗರಿಗೆ ಕನಿಷ್ಠ ಮನೆಮಾತಿನ ಸೊತ್ತು. ಸೊನ್ನಲಿಗೆಯ ಸಿದ್ಧರಾಮೇಶ್ವರರು ತಮ್ಮ ಒಂದು ವಚನದಲ್ಲಿ, ಶರಣರ ವಚನದ ಒಂದು ಪಾರಾಯಣಕ್ಕೆ ವ್ಯಾಸನ ಒಂದು ಪುರಾಣವೂ ಸಮನಲ್ಲ ಎಂದು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾರೆ. ಅಷ್ಟು ದೂರ ಹೋಗದವರಿಗೂ ವಚನದಲ್ಲೊಂದು ಅನುಕೂಲವಿದೆ. ಅದು ಚಿಕ್ಕದು, ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಹಿಂದಿನ ಅಧ್ಯಾಯದಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಬೇಕಾಗಿಲ್ಲ, ಮುಂದೇನಾಗುವುದೋ ಎಂಬ ಕುತೂಹಲವೂ ಕಾಡುವುದಿಲ್ಲ. ಮಹಾಭಾರತದ ಯುದ್ಧಪರ್ವವನ್ನು ಹಿಡಿದು ಕುಳಿತು ರಾತ್ರಿ ಒಂದು ಗಂಟೆಯಾದದ್ದು ಗೊತ್ತೇ ಆಗದವರಿಗೆ ಈ ಮಾತಿನ ಅರ್ಥ ಚೆನ್ನಾಗಿ ಆಗುತ್ತದೆ.

ಪುಸ್ತಕಕ್ಕೂ ಕೊರತೆಯಿಲ್ಲ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಹುಡುಕಿ ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು. ಕರ್ನಾಟಕ ಸರ್ಕಾರ ಹೊರತಂದ ಸಮಗ್ರ ವಚನ ಸಂಪುಟಗಳೇ 15 ಇವೆ. ಮಲಗುವ ಮುನ್ನದ ಓದಿಗೆ ಆ ದಪ್ಪ ಸಂಪುಟಗಳು ಬೇಡ. ಕೈಯಲ್ಲಿ ಹಗುರಾಗಿ ಹಿಡಿಯಬಹುದಾದ ಒಂದು ಆಯ್ದ ವಚನಗಳ ಪುಸ್ತಕ ಸಾಕು.

ರಾತ್ರಿ ವಚನ ಓದಿದರೆ ನಿಜವಾಗಿಯೂ ನಿದ್ದೆ ಬರುತ್ತದೆಯೇ?

ಈ ಪ್ರಶ್ನೆಗೆ ನಾವು ಕೊಡುವ ಉತ್ತರ ಕೆಲವರಿಗೆ ನಿರಾಸೆ ಉಂಟುಮಾಡುತ್ತದೆ: ನಿದ್ದೆ ಬರಲೆಂದೇ ಓದಿದರೆ ಬಹುಮಟ್ಟಿಗೆ ಬರುವುದಿಲ್ಲ. ನಿದ್ದೆ ಎಂಬುದು ಕರೆದರೆ ದೂರ ಸರಿಯುವ, ನಮ್ಮ ಪಾಡಿಗೆ ನಾವಿದ್ದರೆ ತಾನಾಗಿ ಮಡಿಲಿಗೆ ಬರುವ ಬೆಕ್ಕಿನ ಜಾತಿಗೆ ಸೇರಿದ್ದು. ನಿದ್ದೆ ಮಾಡಲೇಬೇಕೆಂಬ ಹಟ ಹೆಚ್ಚಿದಷ್ಟೂ ಎಚ್ಚರ ಹೆಚ್ಚುತ್ತದೆ ಎಂಬುದನ್ನು ನಿದ್ರಾಹೀನತೆಗೆ ಚಿಕಿತ್ಸೆ ನೀಡುವ ವೈದ್ಯರೂ ಒಪ್ಪುತ್ತಾರೆ. ಆದ್ದರಿಂದ ವಚನವನ್ನು ಗುಳಿಗೆಯಂತೆ ನುಂಗಿ, ಕೆಲಸ ಮಾಡಿತೋ ಇಲ್ಲವೋ ಎಂದು ಗಡಿಯಾರ ನೋಡುತ್ತ ಮಲಗಿದವರಿಗೆ ಓದೂ ದಕ್ಕುವುದಿಲ್ಲ, ನಿದ್ದೆಯೂ ದಕ್ಕುವುದಿಲ್ಲ.

ಹಾಗಾದರೆ ಪ್ರಯೋಜನವೇನು ಎಂದರೆ, ಹಗಲಿನ ಗದ್ದಲಕ್ಕೂ ಹಾಸಿಗೆಗೂ ನಡುವೆ ಒಂದು ಹೊಸ್ತಿಲು ಸಿಗುತ್ತದೆ. ನಮ್ಮಲ್ಲಿ ಬಹಳ ಮಂದಿಗೆ ಆ ಹೊಸ್ತಿಲೇ ಇಲ್ಲ; ಟಿವಿ ಆರಿಸಿದ ಅಥವಾ ಮೊಬೈಲ್ ಕೆಳಗಿಟ್ಟ ಕ್ಷಣದಲ್ಲೇ ನಿದ್ದೆ ಹತ್ತಬೇಕು ಎಂದು ಬಯಸುತ್ತೇವೆ. ಒಂದೊಂದು ಸಾಲನ್ನು ಒಂದೊಂದು ಉಸಿರಿಗೆ ಹೊಂದಿಸಿ ಮೆಲುದನಿಯಲ್ಲಿ ಓದಿದಾಗ ಉಸಿರಾಟ ತಾನಾಗಿ ನಿಧಾನವಾಗುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 23 ಮಂದಿ ಆರೋಗ್ಯವಂತರು ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳುವಾಗ ಅವರ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದುದನ್ನೂ ಹೃದಯದ ಲಯ ಅದಕ್ಕೆ ಹೊಂದಿಕೊಂಡುದನ್ನೂ ದಾಖಲಿಸಿದ್ದರು. ಅದು ನಿದ್ದೆಯ ಅಧ್ಯಯನವಲ್ಲ, ವಚನದ ಅಧ್ಯಯನವಂತೂ ಅಲ್ಲ. ಅದರಿಂದ ಹೆಚ್ಚಿನದೇನನ್ನೂ ಎಳೆದು ತರುವುದು ಬೇಡ. ಲಯಬದ್ಧವಾದ ಮಾತು ಉಸಿರನ್ನು ಹದಕ್ಕೆ ತರುತ್ತದೆ ಎಂಬಷ್ಟನ್ನು ಮಾತ್ರ ಇಟ್ಟುಕೊಳ್ಳೋಣ.

ಹೇಗೆ ಓದಬೇಕು? ಒಂದು ಉದಾಹರಣೆ ಕೊಡುವಿರಾ?

ಅಕ್ಕಮಹಾದೇವಿಯ ಎಲ್ಲರಿಗೂ ಗೊತ್ತಿರುವ ವಚನವನ್ನೇ ತೆಗೆದುಕೊಳ್ಳೋಣ. ಗೊತ್ತಿರುವ ವಚನವನ್ನು ಓದುವುದೇ ಕಷ್ಟ, ಏಕೆಂದರೆ ಕಣ್ಣು ಜಾರಿಕೊಂಡು ಹೋಗುತ್ತದೆ.

‘ಬೆಟ್ಟದ ಮೇಲೊಂದು ಮನೆಯ ಮಾಡಿ
ಮೃಗಗಳಿಗಂಜಿದೊಡೆಂತಯ್ಯಾ?
ಸಮುದ್ರದ ತಡಿಯಲೊಂದು ಮನೆಯ ಮಾಡಿ
ನೊರೆ ತೆರೆಗಳಿಗಂಜಿದೊಡೆಂತಯ್ಯಾ?
ಸಂತೆಯೊಳಗೊಂದು ಮನೆಯ ಮಾಡಿ
ಶಬ್ದಕ್ಕೆ ನಾಚಿದೊಡೆಂತಯ್ಯಾ?
ಚೆನ್ನಮಲ್ಲಿಕಾರ್ಜುನದೇವ ಕೇಳಯ್ಯಾ,
ಲೋಕದೊಳಗೆ ಹುಟ್ಟಿದ ಬಳಿಕ
ಸ್ತುತಿ ನಿಂದೆಗಳು ಬಂದೊಡೆ
ಮನದಲ್ಲಿ ಕೋಪವ ತಾಳದೆ
ಸಮಾಧಾನಿಯಾಗಿರಬೇಕು.’

ಮೊದಲ ಬಾರಿ ಅರ್ಥದ ಗೊಡವೆಗೆ ಹೋಗದೆ, ನಿಮಗೆ ಮಾತ್ರ ಕೇಳಿಸುವಷ್ಟು ದನಿಯಲ್ಲಿ ಒಮ್ಮೆ ಓದಿ. ಎರಡನೆಯ ಬಾರಿ ಓದುವಾಗ ಯಾವುದಾದರೊಂದು ಪದ ಕಾಲಿಗೆ ಕಲ್ಲು ತಗುಲಿದಂತೆ ತಗುಲುತ್ತದೆ, ಅಲ್ಲಿ ನಿಲ್ಲಿ. ಒಂದು ರಾತ್ರಿ ನನಗೆ ತಗುಲಿದ್ದು ‘ನಾಚಿದೊಡೆ’ ಎಂಬ ಪದ. ಬೆಟ್ಟದಲ್ಲಿ ಮೃಗಕ್ಕೆ ಅಂಜಿಕೆ, ಕಡಲತಡಿಯಲ್ಲಿ ತೆರೆಗೆ ಅಂಜಿಕೆ. ಸಂತೆಗೆ ಬಂದ ಕೂಡಲೇ ಅಕ್ಕ ಅಂಜಿಕೆಯನ್ನು ಬಿಟ್ಟು ನಾಚಿಕೆಯನ್ನು ಹೇಳುತ್ತಾಳೆ. ಮೃಗದ ಮುಂದೆ, ತೆರೆಯ ಮುಂದೆ ಯಾರೂ ನಾಚುವುದಿಲ್ಲ. ನಾಚಿಕೆ ಏನಿದ್ದರೂ ಮನುಷ್ಯರ ಮಾತಿನ ಮುಂದೆ. ಅಂದು ಕೆಲಸದ ಜಾಗದಲ್ಲಿ ನಾಲ್ವರ ಎದುರಿಗೆ ಮೇಲಿನವರೊಬ್ಬರು ಆಡಿದ ಒಂದು ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿದುಕೊಂಡಿತ್ತು. ಅದು ಕೋಪ ಎಂದು ಸಂಜೆಯಿಡೀ ತಿಳಿದುಕೊಂಡಿದ್ದೆ. ನಾಚಿಕೆ ಎಂದು ಗೊತ್ತಾದದ್ದು ಆ ಪದದ ಬಳಿ ನಿಂತಾಗಲೇ.

ಮುಂದಿನ ಸಾಲಿನ ‘ತಾಳದೆ’ ಎಂಬುದನ್ನೂ ಗಮನಿಸಿ. ಇಂದಿನ ಕನ್ನಡದಲ್ಲಿ ತಾಳುವುದು ಎಂದರೆ ಸಹಿಸುವುದು, ಆದ್ದರಿಂದ ‘ಕೋಪವನ್ನು ಸಹಿಸದೆ’ ಎಂದು ಹಲವರು ಅರ್ಥ ಮಾಡಿಕೊಂಡು ಗೊಂದಲಕ್ಕೆ ಬೀಳುತ್ತಾರೆ. ಇಲ್ಲಿ ತಾಳುವುದು ಎಂದರೆ ತಳೆಯುವುದು, ಮೈಮೇಲೆ ಹಾಕಿಕೊಳ್ಳುವುದು. ಕೋಪ ಬರಬಾರದು ಎಂದು ಅಕ್ಕ ಹೇಳುತ್ತಿಲ್ಲ. ಬಂದುದನ್ನು ಉಟ್ಟುಕೊಳ್ಳಬೇಡಿ ಎನ್ನುತ್ತಿದ್ದಾಳೆ ಎಂದು ನಾನು ಓದಿಕೊಳ್ಳುತ್ತೇನೆ. ಇನ್ನೊಂದು ಸೂಕ್ಷ್ಮವೂ ಇದೆ: ಅವಳು ನಿಂದೆಯೊಂದನ್ನೇ ಹೆಸರಿಸುವುದಿಲ್ಲ, ಸ್ತುತಿಯನ್ನು ಮೊದಲು ಹೇಳುತ್ತಾಳೆ. ಹೊಗಳಿಕೆ ಕೂಡ ನಿದ್ದೆಗೆಡಿಸುತ್ತದೆ ಎಂಬುದು ಫೋಟೊ ಹಾಕಿ ಎಷ್ಟು ಮಂದಿ ಮೆಚ್ಚಿದರೆಂದು ಮತ್ತೆ ಮತ್ತೆ ತೆರೆದು ನೋಡುವವರಿಗೆ ಗೊತ್ತಿರುವ ಸಂಗತಿಯೇ.

ಮೂರನೆಯ ಓದು ನಿಮ್ಮದು. ಅಲ್ಲಿ ವಿವರಣೆ ಇರುವುದಿಲ್ಲ. ಪುಸ್ತಕ ಮುಚ್ಚಿ, ನಿಂತ ಪದವನ್ನಷ್ಟೇ ಉಸಿರಿನ ಜೊತೆ ಬಿಟ್ಟುಕೊಂಡು ಸ್ವಲ್ಪ ಹೊತ್ತು ಕುಳಿತಿರಿ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ಕೇಳಿದಾಗಲೆಲ್ಲ ಆ ಚಿಂತೆಯಿಲ್ಲದ ಮಹಾನುಭಾವ ಯಾರಪ್ಪಾ ಎಂದು ನನಗೆ ಸಿಟ್ಟು ಬರುತ್ತಿತ್ತು. ಅಕ್ಕನ ಸಂತೆಯಲ್ಲಿ ಶಬ್ದವೂ ಇದೆ, ಮನೆಯೂ ಇದೆ. ಆ ಮನೆಯನ್ನು ಮಾಡಿಕೊಂಡವರು ನಾವೇ.

ಎಷ್ಟು ಹೊತ್ತು ಓದಬೇಕು?

ಹತ್ತರಿಂದ ಹದಿನೈದು ನಿಮಿಷ, ಒಂದೇ ವಚನ. ಎರಡನೆಯದು ಬೇಕೆನಿಸಿದರೆ ಅದನ್ನು ನಾಳೆಗೆ ಇಟ್ಟುಕೊಳ್ಳಿ.

ಮಲಗುವ ಮುನ್ನ ಓದಬಾರದ ವಚನಗಳಿವೆಯೇ?

ಓದಬಾರದವು ಎಂದಿಲ್ಲ, ಆ ಹೊತ್ತಿಗೆ ಒದಗದವು ಇವೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳು ಒಗಟುಗಳಂತಿದ್ದು, ಬಿಡಿಸಲು ಹೊರಟರೆ ಬುದ್ಧಿ ಸೊಂಟ ಕಟ್ಟಿ ಎದ್ದು ನಿಲ್ಲುತ್ತದೆ. ಅವು ಬೆಳಗಿನ ಓದಿಗೆ ಇರಲಿ. ಅದೇ ಅಲ್ಲಮನ ‘ಎತ್ತಣ ಮಾಮರ ಎತ್ತಣ ಕೋಗಿಲೆ’ ರಾತ್ರಿಗೆ ಬಹಳ ಚೆನ್ನ. ಬೆಟ್ಟದ ನೆಲ್ಲಿಕಾಯಿಯನ್ನೂ ಸಮುದ್ರದೊಳಗಣ ಉಪ್ಪನ್ನೂ ಒಟ್ಟಿಗೆ ತರುವ ಆ ವಚನದಲ್ಲಿ ಬಿಡಿಸಬೇಕಾದ ಗಂಟೇನೂ ಇಲ್ಲ, ಬೆರಗಾದರೆ ಸಾಕು.

ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನದ ಬಗ್ಗೆ ನಮ್ಮ ಬಳಗದಲ್ಲಿ ಒಮ್ಮತವಿಲ್ಲ. ದಿನದ ಲೆಕ್ಕ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ, ನಿಜ. ಆದರೆ ಮೊದಲೇ ತನ್ನನ್ನು ತಾನು ಹಳಿದುಕೊಳ್ಳುವ ಸ್ವಭಾವದವರು ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎಂಬಲ್ಲಿಗೆ ಬಂದಾಗ ಹಾಸಿಗೆಯನ್ನೇ ಕಟಕಟೆ ಮಾಡಿಕೊಳ್ಳುತ್ತಾರೆ. ಅಂಥವರು ಅದನ್ನು ಸಂಜೆ ದೀಪ ಹಚ್ಚುವ ಹೊತ್ತಿಗೆ ಓದಿ, ಮಲಗುವಾಗ ‘ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ’ ಎಂಬ ಮಾತಿರುವ ‘ಲೋಕದ ಡೊಂಕ ನೀವೇಕೆ ತಿದ್ದುವಿರಿ’ ವಚನವನ್ನು ಹಿಡಿಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಹಾಗೆಯೇ, ಚೆನ್ನಮಲ್ಲಿಕಾರ್ಜುನನ ಅವಸರದ ಓಲೆಯನ್ನು ಒಯ್ಯುತ್ತಿರುವ ಅಕ್ಕ ಹಸಿವು, ತೃಷೆಗಳ ಜೊತೆಗೆ ನಿದ್ರೆಗೂ ‘ನಿಲ್ಲು ನಿಲ್ಲು’ ಎಂದು ಗದರಿಸುವ ವಚನವೊಂದಿದೆ. ನಿದ್ದೆಗಾಗಿ ಹಂಬಲಿಸುವವರು ಅದನ್ನು ಆ ಹೊತ್ತಿಗೆ ತೆರೆಯದಿರುವುದು ಕ್ಷೇಮ!

ಓದುವಾಗ ಮನಸ್ಸು ಎಲ್ಲೆಲ್ಲೋ ಓಡುತ್ತದೆ. ಏನು ಮಾಡಬೇಕು?

‘ಕೊಂಬೆಯ ಮೇಲಣ ಮರ್ಕಟನಂತೆ ಲಂಘಿಸುವುದೆನ್ನ ಮನವು’ ಎಂದು ಬಸವಣ್ಣನವರೇ ಒಪ್ಪಿಕೊಂಡ ಮೇಲೆ ನಾವು ಸಂಕೋಚಪಡುವುದರಲ್ಲಿ ಅರ್ಥವಿಲ್ಲ. ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕಿತ್ತು, ಮಗಳ ಫೀಸು ಕಟ್ಟಬೇಕಿತ್ತು ಎಂಬಂಥ ಯೋಚನೆಗಳು ಬಂದರೆ ದಿಂಬಿನ ಪಕ್ಕದ ಚೀಟಿಯಲ್ಲಿ ಒಂದು ಸಾಲು ಗೀಚಿಟ್ಟು ವಚನಕ್ಕೆ ಮರಳಿ. ಬರೆದಿಟ್ಟ ಕೆಲಸವನ್ನು ಮನಸ್ಸು ಮತ್ತೆ ಮತ್ತೆ ನೆನಪಿಸುವುದಿಲ್ಲ. ಮರಳಿ ಬರುವುದೇ ಅಭ್ಯಾಸ. ಎಷ್ಟು ಸಲ ಓಡಿತು ಎಂದು ಎಣಿಸಬೇಡಿ.

ಓದುತ್ತ ಓದುತ್ತ ನಿದ್ದೆ ಹತ್ತಿದರೆ ಅಪಚಾರವಾಗುವುದಿಲ್ಲವೇ? ಹಾಸಿಗೆಯ ಮೇಲೆ ಓದಬಹುದೇ?

ಈ ಅಳುಕು ಹಿರಿಯರಲ್ಲಿ ಹೆಚ್ಚು. ಶರಣರ ಮಾತು ಮಡಿ-ಮೈಲಿಗೆಗಳ ಲೆಕ್ಕವನ್ನು ದಾಟಿ ಬಂದದ್ದು. ನಿದ್ದೆಯಿಂದ ಅದಕ್ಕೆ ಅಪಚಾರವಾಗದು. ಆದರೂ ಹಾಸಿಗೆಯ ಮೇಲೆ ಮಲಗಿಕೊಂಡು ಓದುವುದಕ್ಕಿಂತ ಪಕ್ಕದ ಕುರ್ಚಿಯಲ್ಲೋ ಚಾಪೆಯ ಮೇಲೋ ಕುಳಿತು ಓದಿ, ಆಮೇಲೆ ಹಾಸಿಗೆಗೆ ಹೋಗಿ ಎಂದೇ ನಾವು ಹೇಳುತ್ತೇವೆ. ಕಾರಣ ಧಾರ್ಮಿಕವಾದುದಲ್ಲ. ಹಾಸಿಗೆ ಎಂದರೆ ಮಲಗುವ ಜಾಗ ಎಂಬುದು ಮೈಗೆ ಚೆನ್ನಾಗಿ ರೂಢಿಯಾಗಬೇಕು. ಅಲ್ಲೇ ಕುಳಿತು ಊಟ, ಅಲ್ಲೇ ಲ್ಯಾಪ್‌ಟಾಪು, ಅಲ್ಲೇ ಜಗಳ ಎಂದಾದರೆ ಮೈಗೆ ಗುರುತು ತಪ್ಪುತ್ತದೆ.

ಪುಸ್ತಕವಿಲ್ಲ, ಮೊಬೈಲಿನಲ್ಲಿ ಓದಬಹುದೇ?

ಹಗಲಿನಲ್ಲಿ ಧಾರಾಳವಾಗಿ ಓದಿ, ರಾತ್ರಿ ಬೇಡ. ಪರದೆಯ ಬೆಳಕು ಕಣ್ಣಿಗೆ ಬಿದ್ದರೆ ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಸ್ರವಿಸುವುದು ತಡವಾಗುತ್ತದೆ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ನನ್ನದೇ ಅನುಭವ: ಒಂದು ರಾತ್ರಿ ಮೊಬೈಲಿನಲ್ಲಿ ಅಕ್ಕನ ವಚನ ತೆರೆದಿದ್ದೆ, ಮೇಲಿನಿಂದ ಬಂಧುಗಳ ಗುಂಪಿನ ಒಂದು ವಾಟ್ಸಾಪ್ ಸಂದೇಶ ಇಳಿದು ಬಂತು, ಆಸ್ತಿ ಹಂಚಿಕೆಯ ವಿಷಯ. ವಚನದ ಮೂರನೆಯ ಸಾಲು ಓದಿದ್ದು ಮರುದಿನ. ಬೇಕಾದ ವಚನವನ್ನು ಹಗಲಿನಲ್ಲೇ ಒಂದು ಕಾಗದದ ಮೇಲೆ ಕೈಬರಹದಲ್ಲಿ ಬರೆದಿಟ್ಟುಕೊಳ್ಳುವುದು ನಮ್ಮ ಬಳಗದ ರೂಢಿ. ಬರೆಯುವುದೂ ಒಂದು ಓದೇ.

ಹಳೆಯ ಪದಗಳು ಅರ್ಥವಾಗುವುದಿಲ್ಲ. ನಿಘಂಟು ಬೇಕೇ?

ವಚನಗಳ ನಡುಗನ್ನಡ ನಾವು ಭಾವಿಸುವಷ್ಟು ದೂರದ್ದಲ್ಲ. ‘ಒಡೆ’ ಎಂದರೆ ‘ರೆ’, ‘ಎಂತಯ್ಯಾ’ ಎಂದರೆ ‘ಹೇಗಪ್ಪಾ’ ಎಂಬಷ್ಟು ತಿಳಿದರೆ ಅರ್ಧ ದಾರಿ ಸಾಗಿದಂತೆ. ಕೆಲವು ಪುಸ್ತಕಗಳಲ್ಲಿ ‘ಅಂಜಿದೊಡೆ’ ಎಂದೂ ಕೆಲವುಗಳಲ್ಲಿ ‘ಅಂಜಿದಡೆ’ ಎಂದೂ ಇರುವುದನ್ನು ಕಂಡು ಗಾಬರಿಯಾಗಬೇಕಿಲ್ಲ. ಗೊತ್ತಾಗದ ಪದವನ್ನು ಗುರುತು ಮಾಡಿಟ್ಟು ಬೆಳಗ್ಗೆ ನೋಡಿಕೊಳ್ಳಿ. ಹೊರಊರು, ಹೊರದೇಶಗಳಲ್ಲಿ ಬೆಳೆದು ಕನ್ನಡ ಓದಲು ಬಾರದ ಮಕ್ಕಳಿದ್ದರೆ, ಬೆಂಗಳೂರಿನ ಬಸವ ಸಮಿತಿಯವರು 2,500 ವಚನಗಳನ್ನು ಆಯ್ದು ಭಾರತದ ಹಲವು ಭಾಷೆಗಳಿಗೆ ಅನುವಾದ ಮಾಡಿಸಿದ್ದಾರೆ.

ಓದುವ ಬದಲು ವಚನ ಗಾಯನ ಕೇಳಿದರೆ ಆಗದೇ?

ಕೇಳಬಹುದು, ಆದರೆ ಅದು ಬೇರೆಯದೇ ಅನುಭವ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ‘ಅಕ್ಕ ಕೇಳವ್ವಾ, ನಾನೊಂದು ಕನಸ ಕಂಡೆ’ ಕೇಳುತ್ತ ಯಾರಿಗಾದರೂ ನಿದ್ದೆ ಬಂದರೆ ನನಗೆ ಆಶ್ಚರ್ಯವೇ. ಆ ಕಂಠ ಎಬ್ಬಿಸಿ ಕೂರಿಸುತ್ತದೆ. ಕಣ್ಣಿನ ತೊಂದರೆಯಿಂದ ಓದಲಾಗದವರಿಗೆ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತು ನಿಧಾನವಾಗಿ ಓದಿ ಹೇಳುವುದು ಎಲ್ಲಕ್ಕಿಂತ ಒಳ್ಳೆಯದು.

ನಾವು ಬೇರೆ ಸಂಪ್ರದಾಯದವರು. ನಮ್ಮ ಗ್ರಂಥವನ್ನೇ ಹೀಗೆ ಓದಬಹುದೇ?

ಅವಶ್ಯವಾಗಿ. ಮಲಗುವ ಮುನ್ನದ ಓದು ಎಲ್ಲ ಮನೆಗಳಲ್ಲೂ ಇದೆ. ‘ರಾಮಂ ಸ್ಕಂದಂ ಹನೂಮಂತಂ’ ಶ್ಲೋಕವನ್ನು ಕೆಟ್ಟ ಕನಸು ಬೀಳದಿರಲೆಂದು ಅಜ್ಜಿಯರು ಮೊಮ್ಮಕ್ಕಳಿಂದ ಹೇಳಿಸುತ್ತಿದ್ದರು. ಮುಸ್ಲಿಮರಲ್ಲಿ ಕುರಾನಿನ ಆಯತುಲ್ ಕುರ್ಸಿಯನ್ನೂ ಸೂರಾ ಅಲ್ ಮುಲ್ಕ್ ಅನ್ನೂ ಓದಿ ಮಲಗುವ ರೂಢಿಯಿದೆ. ಸಂತ ಬೆನೆಡಿಕ್ಟ್ 6ನೆಯ ಶತಮಾನದಲ್ಲಿ ತನ್ನ ಮಠಗಳಿಗೆ ಬರೆದ ನಿಯಮಾವಳಿಯಲ್ಲಿ ದಿನದ ಕೊನೆಯ ಪ್ರಾರ್ಥನೆಗೆ ಬೈಬಲಿನ ಕೀರ್ತನೆಗಳಲ್ಲಿ 4, 91, 134 ಎಂಬ ಮೂರನ್ನು ಗೊತ್ತುಪಡಿಸಿದ. ಅವುಗಳಲ್ಲಿ ಮೊದಲನೆಯದು ನಿರ್ಭಯವಾಗಿ ಮಲಗಿ ನಿದ್ರಿಸುವ ಮಾತಿನಿಂದಲೇ ಮುಗಿಯುತ್ತದೆ. ಗೀತೆಯನ್ನು ಓದುವವರು ಆರನೆಯ ಅಧ್ಯಾಯದಿಂದ ಆರಂಭಿಸಬಹುದು. ಅತಿಯಾಗಿ ಮಲಗುವವನಿಗೂ ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲ ಎಂದು ಕೃಷ್ಣ ನೇರವಾಗಿ ಹೇಳುವುದು ಅಲ್ಲಿಯೇ. ನಿದ್ದೆಗೆಟ್ಟು ಸಾಧನೆ ಮಾಡುತ್ತೇವೆ ಎಂದು ಹೆಮ್ಮೆಪಡುವವರು ಆ ಎರಡು ಶ್ಲೋಕಗಳನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ನಡುರಾತ್ರಿ ಎಚ್ಚರವಾದರೆ ಎದ್ದು ಓದಬೇಕೇ?

ಸುಮಾರು ಇಪ್ಪತ್ತು ನಿಮಿಷ ಕಳೆದರೂ ನಿದ್ದೆ ಮರಳದಿದ್ದರೆ ಹೊರಳಾಡುತ್ತ ಬಿದ್ದುಕೊಂಡಿರುವುದಕ್ಕಿಂತ ಎದ್ದು ಮಂದ ಬೆಳಕಿನಲ್ಲಿ ಕುಳಿತುಕೊಳ್ಳುವುದು ಲೇಸು, ಮತ್ತೆ ತೂಕಡಿಕೆ ಬಂದಾಗ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷವನ್ನು ಅಂದಾಜಿನಲ್ಲೇ ಹಿಡಿಯಿರಿ, ಗಡಿಯಾರ ನೋಡಬೇಡಿ. ಈ ಹೊತ್ತಿಗೆ ಹೊಸ ವಚನ ಬೇಡ, ಬಾಯಿಪಾಠವಾದ ಒಂದು ಸಾಲು ಸಾಕು. ನಮ್ಮಲ್ಲಿ ಹಲವರು ಇದಕ್ಕೆಂದೇ ಇಟ್ಟುಕೊಂಡಿರುವುದು ಅಕ್ಕನ ‘ಆತ್ಮಸಂಗಾತಕ್ಕೆ ನೀನೆನಗುಂಟು’ ಎಂಬ ಮಾತು. ಉಣ್ಣಲು ಊರಿನ ಭಿಕ್ಷೆ, ಮಲಗಲು ಹಾಳು ದೇಗುಲ ಎಂದು ಇರುವುದನ್ನೆಲ್ಲ ಎಣಿಸಿಕೊಂಡು ಬಂದ ಹೆಣ್ಣೊಬ್ಬಳು ಕೊನೆಗೆ ಹೇಳುವ ಮಾತದು. ರಾತ್ರಿ ಮೂರು ಗಂಟೆಗೆ ಎದ್ದು ಕುಳಿತಾಗ ಹಾಳು ದೇಗುಲದಲ್ಲಿ ಮಲಗಿದವಳ ಜೊತೆ ಇರುವುದು ಒಂದು ಬಗೆಯ ಸಮಾಧಾನ.

ನಿದ್ದೆ ಮಾತ್ರೆ ಬಿಟ್ಟು ಇದನ್ನು ಮಾಡಬಹುದೇ? ವೈದ್ಯರ ಬಳಿ ಯಾವಾಗ ಹೋಗಬೇಕು?

ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅವರನ್ನು ಕೇಳದೆ ನಿಲ್ಲಿಸಲೇಬಾರದು. ಕೆಲವು ನಿದ್ದೆ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ತೊಂದರೆ ಹೆಚ್ಚುತ್ತದೆ. ವಾರಕ್ಕೆ ಮೂರು ರಾತ್ರಿಗಳಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಅದಕ್ಕೆ ಮಾತ್ರೆಗಿಂತ ಮೊದಲು ಸೂಚಿಸುವ ಆಪ್ತಸಮಾಲೋಚನೆಯ ಚಿಕಿತ್ಸಾಕ್ರಮವೂ ಇದೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಎಂಟು ಗಂಟೆ ಮಲಗಿದರೂ ಹಗಲಿನಲ್ಲಿ ತೂಕಡಿಕೆ ಇವು ಮನಸ್ಸಿನದಲ್ಲ, ಮೈಯ ತೊಂದರೆಯ ಗುರುತಾಗಿರಬಹುದು. ಯಾವ ವಚನವೂ ಅಲ್ಲಿ ಚಿಕಿತ್ಸೆಯಲ್ಲ. ನಿದ್ದೆಗೆಡುವುದರ ಜೊತೆಗೆ ಬದುಕೇ ಬೇಡವೆನಿಸುತ್ತಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು.

ಒಂದೇ ವಚನವನ್ನು ಎಷ್ಟು ದಿನ ಓದಬಹುದು?

ಬೇಸರ ಬರುವವರೆಗೆ, ಬೇಸರ ಬಂದ ಮೇಲೆ ಇನ್ನೂ ಮೂರು ದಿನ. ನಮ್ಮ ಬಳಗದ ಹಿರಿಯರೊಬ್ಬರು ‘ಎತ್ತಣ ಮಾಮರ’ವನ್ನು ಒಂದು ಮಳೆಗಾಲವಿಡೀ ಓದಿದರು. ಅವರ ಆ ಚೀಟಿ ಮಡಿಕೆಯಲ್ಲಿ ಹರಿದು ಎರಡಾಗಿದೆ, ‘ನೆಲ್ಲಿಕಾಯಿ’ ಒಂದು ತುಂಡಿನಲ್ಲಿ, ‘ಉಪ್ಪು’ ಇನ್ನೊಂದರಲ್ಲಿ. ಎರಡನ್ನೂ ಕನ್ನಡಕದ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಾರೆ.